ಗುಡುಗು, ಹಪ್ಪಳ, ಡೋಡೋ: ಕರೆಂಟ್ ಹೋದಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ ಬಂತೆಂದರೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಒಂದು ದಿನಚರಿ ಶುರುವಾಗುತ್ತದೆ. ಮಧ್ಯಾಹ್ನ ಮೂರಕ್ಕೆ ತಡೆಯಲಾರದ ಸೆಕೆ. ನಾಲ್ಕಕ್ಕೆ ಗುಡ್ಡದ ಮೇಲೆ ಕಪ್ಪು ಮೋಡ. ನಾಲ್ಕೂವರೆಗೆ ಅಮ್ಮನ ಕೂಗು: "ಹಲಸಿನ ಹಪ್ಪಳ ಅಂಗಳದಲ್ಲೇ ಇದೆ, ಎತ್ರೋ!" ಐದಕ್ಕೆ ಕರೆಂಟ್ ಇಲ್ಲ. ಆಮೇಲೆ ಎಲ್ಲರೂ ಜಗಲಿಯಲ್ಲಿ ಕೂತು ಮಾತು.

ಅಣ್ಣನ ಮಗಳಿಗೆ ಒಂಬತ್ತು ವರ್ಷ. ಅವಳ ಪ್ರಶ್ನೆ ಸಿಡಿಲಿನಿಂದ ಹೊರಟು ಡೈನೋಸಾರಿನ ಹತ್ತಿರ ಹೋಗಿ ನಿಲ್ಲುತ್ತದೆ. ಅಮ್ಮನ ಪ್ರಶ್ನೆ ಎಲ್ಲಿಂದ ಹೊರಟರೂ ಹಪ್ಪಳಕ್ಕೇ ಬರುತ್ತದೆ. ಪಕ್ಕದ ಮನೆಯ ಭಟ್ಟರಿಗೆ ವಾಟ್ಸ್ಯಾಪ್‌ನಲ್ಲಿ ಬಂದದ್ದೆಲ್ಲ ನಿಜವೋ ಸುಳ್ಳೋ ಎಂಬ ಚಿಂತೆ. ಮೂರು ಮಳೆಗಾಲ ಇದೇ ಪ್ರಶ್ನೆಗಳಿಗೆ ಉತ್ತರ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ.

ಈ ಮಳೆ ಸರಿಯಾಗಿ ಸಂಜೆಗೇ ಯಾಕೆ ಬರುತ್ತೆ? ಹಪ್ಪಳ ಒಣಗೋವರೆಗೆ ಕಾಯಬಾರದಾ?

ಹಪ್ಪಳ ಒಣಗಿಸುವ ಬಿಸಿಲೇ ಮಳೆಯನ್ನೂ ತರುವುದು, ತೊಂದರೆ ಇರುವುದೇ ಅಲ್ಲಿ. ಬೆಳಗ್ಗಿನಿಂದ ನೆಲ ಕಾಯುತ್ತದೆ. ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ, ಹಗುರಾಗಿ ಮೇಲೇಳುತ್ತದೆ. ಸಮುದ್ರದ ಕಡೆಯಿಂದ ಬಂದ ತೇವ ಅದರಲ್ಲಿದ್ದರೆ ಮೇಲೆ ಹೋದಂತೆ ತಣಿದು ಮೋಡವಾಗುತ್ತದೆ. ಹಾಗೆ ತಣಿಯುವಾಗ ಆ ಆವಿ ತನ್ನೊಳಗಿದ್ದ ಶಾಖವನ್ನು ಬಿಟ್ಟುಕೊಡುತ್ತದೆ. ಆ ಶಾಖಕ್ಕೆ ಗಾಳಿ ಇನ್ನೂ ಮೇಲೇರುತ್ತದೆ. ಹೀಗೆ ತನ್ನನ್ನು ತಾನೇ ಎಬ್ಬಿಸಿಕೊಂಡು ಒಂದು ಮೋಡ ಹತ್ತು ಹದಿನೈದು ಕಿಲೋಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ಎವರೆಸ್ಟ್ ಒಂಬತ್ತು ಕಿಲೋಮೀಟರ್ ಕೂಡ ಇಲ್ಲ. ಇಷ್ಟೆಲ್ಲ ಆಗುವುದಕ್ಕೆ ಒಂದು ಹಗಲು ಬೇಕಲ್ಲ, ಅದಕ್ಕೇ ಸಂಜೆ.

ಜೂನಿನ ಮುಂಗಾರು ಬೇರೆ ಜಾತಿ. ಅದು ಹಗಲು ರಾತ್ರಿ ಒಂದೇ ಸಮ ಹೊಯ್ಯುತ್ತದೆ, ಗುಡುಗು ಕಡಿಮೆ. ಏಪ್ರಿಲ್ ಮಳೆಗೆ ಸಿಟ್ಟು ಜಾಸ್ತಿ, ಆಯುಷ್ಯ ಕಡಿಮೆ. ಅಜ್ಜಿಯ ಲೆಕ್ಕದಲ್ಲಿ ಇವು ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳು. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎನ್ನುತ್ತಿದ್ದರು. ಹಪ್ಪಳದ ಬಗ್ಗೆ ಗಾದೆಯಲ್ಲಿ ಏನೂ ಇಲ್ಲ.

ಸಿಡಿಲು ಎಷ್ಟು ದೂರದಲ್ಲಿ ಬಿತ್ತು ಅಂತ ಹೇಗೆ ಹೇಳೋದು?

ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ, ಗುಡುಗು ಕೇಳಿದಾಗ ನಿಲ್ಲಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಬೆಳಕು ಕಣ್ಣಿಗೆ ತಕ್ಷಣ ಬರುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರಿನಂತೆ ನಿಧಾನವಾಗಿ ನಡೆದು ಬರುತ್ತದೆ.

ಗಡಿಯಾರ ಬೇಕಾಗಿಲ್ಲ. ಗುಡುಗಿದಾಗ ಅಜ್ಜಿ ಹೇಳಿಸುತ್ತಿದ್ದ ಅರ್ಜುನನ ಹತ್ತು ಹೆಸರುಗಳಿವೆ ನೋಡಿ: ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ, ಶ್ವೇತವಾಹನ, ಬೀಭತ್ಸು, ವಿಜಯ, ಕೃಷ್ಣ, ಸವ್ಯಸಾಚಿ, ಧನಂಜಯ. ಗಡಿಬಿಡಿ ಮಾಡದೆ ಹೇಳಿದರೆ ಒಂದೊಂದಕ್ಕೆ ಒಂದು ಸೆಕೆಂಡ್ ಹಿಡಿಯುತ್ತದೆ. ಧನಂಜಯನವರೆಗೆ ಬಂದಿರೆಂದರೆ ಸಿಡಿಲು ಮೂರು ಕಿಲೋಮೀಟರಿನ ಆಚೆ. "ಪಾರ್ಥ" ಎನ್ನುವಷ್ಟರಲ್ಲಿ ಗುಡುಗಿದರೆ ಅದು ನಮ್ಮ ತೋಟದ ಆ ತುದಿ. ಅಜ್ಜಿ ಇದನ್ನು ಹೆದರಿಕೆ ಹೋಗಲಿ ಎಂದು ಹೇಳಿಸುತ್ತಿದ್ದರು. ನಾವು ಅಳತೆ ಟೇಪು ಮಾಡಿಕೊಂಡಿದ್ದೇವೆ.

ಒಂದು ಎಚ್ಚರ. ಮೂರು ಕಿಲೋಮೀಟರ್ ಎಂದರೆ ಸುರಕ್ಷಿತ ಎಂದಲ್ಲ. ಮೋಡದಿಂದ ಹತ್ತು ಕಿಲೋಮೀಟರ್ ಆಚೆಗೂ ಸಿಡಿಲು ಹಾರಿ ಬೀಳುತ್ತದೆ. ಗುಡುಗು ಕಿವಿಗೆ ಬಿತ್ತೆಂದರೆ ನೀವು ಅದರ ಕೈಗೆಟಕುವ ಜಾಗದಲ್ಲಿದ್ದೀರಿ, ಒಳಗೆ ಬನ್ನಿ.

ಅಜ್ಜಿ ಕತ್ತಿಯನ್ನ ಅಂಗಳಕ್ಕೆ ಎಸೀತಿದ್ರಲ್ಲ, ಅದರಿಂದ ಸಿಡಿಲು ಅಲ್ಲೇ ಬೀಳುತ್ತಾ?

ಇಲ್ಲ. ಸಿಡಿಲಿಗೆ ಎತ್ತರ ಬೇಕು, ನೆಲದಲ್ಲಿ ಬಿದ್ದ ಕತ್ತಿ ಅದರ ಕಣ್ಣಿಗೇ ಬೀಳುವುದಿಲ್ಲ. ಎಸೆಯಲು ಅಂಗಳಕ್ಕೆ ಇಳಿಯುವುದೇ ಅಪಾಯ. ಅಜ್ಜಿ ಜಗಲಿಯಿಂದಲೇ ಎಸೆಯುತ್ತಿದ್ದರು, ಗುರಿ ಚೆನ್ನಾಗಿತ್ತು.

ಹಾಗಾದರೆ ಮಾಡಬೇಕಾದ್ದೇನು?

ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಕಳೆದ ವರ್ಷ ನಾನು ಟಿವಿ ಪ್ಲಗ್ ಕಿತ್ತು, ಫ್ರಿಜ್ ಪ್ಲಗ್ ಕಿತ್ತು, ಬಹಳ ಜಾಣಳಂತೆ ಕೂತಿದ್ದೆ. ಇಂಟರ್ನೆಟ್ ಡಬ್ಬಿಯನ್ನು ಮರೆತಿದ್ದೆ. ದೂರದ ತೋಟದಲ್ಲೆಲ್ಲೋ ಸಿಡಿಲು ಬಿತ್ತು, ಡಬ್ಬಿಯಿಂದ "ಟಪ್" ಎಂದು ಒಂದು ಸದ್ದು, ಆಮೇಲೆ ಸುಟ್ಟ ವಾಸನೆ. ಲೈನಿಗೆ ಬಿದ್ದ ಹೊಡೆತ ತಂತಿ ಹಿಡಿದು ಮನೆಯೊಳಗೆ ಬರುತ್ತದೆ. ಚಾರ್ಜಿಗೆ ಹಾಕಿದ ಮೊಬೈಲಿನಲ್ಲಿ ಮಾತಾಡಬಾರದು ಎನ್ನುವುದೂ ಇದಕ್ಕೇ. ಮೊಬೈಲ್ ತಾನಾಗಿ ಸಿಡಿಲನ್ನು ಕರೆಯುವುದಿಲ್ಲ, ಅದಕ್ಕೆ ಕಟ್ಟಿದ ತಂತಿ ಕರೆತರುತ್ತದೆ. ಹಂಡೆಗೆ ಲೋಹದ ಪೈಪಿದ್ದರೆ ಸ್ನಾನವನ್ನೂ ಸ್ವಲ್ಪ ಹೊತ್ತು ಮುಂದೂಡಿ.

ಹೊರಗಿದ್ದರೆ ಒಂಟಿ ಮರದ ಕೆಳಗೆ ನಿಲ್ಲಬೇಡಿ. ದನಗಳಿಗಂತೂ ಇದು ಎರಡು ಪಟ್ಟು ಅಪಾಯ. ಮರಕ್ಕೆ ಬಡಿದ ಸಿಡಿಲು ಬುಡದಿಂದ ನೆಲದಲ್ಲಿ ಹರಡುತ್ತದೆ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ನಾಲ್ಕೈದು ಅಡಿ ಅಂತರ. ಆ ಎರಡು ಜಾಗದ ವಿದ್ಯುತ್ ಒತ್ತಡದಲ್ಲಿ ವ್ಯತ್ಯಾಸ ಇರುವುದರಿಂದ ಕರೆಂಟು ಒಂದು ಕಾಲಲ್ಲಿ ಹತ್ತಿ, ಎದೆ ದಾಟಿ, ಇನ್ನೊಂದು ಕಾಲಲ್ಲಿ ಇಳಿಯುತ್ತದೆ. ಒಂದೇ ಮರದ ಕೆಳಗೆ ನಾಲ್ಕು ದನ ಸತ್ತವು ಎಂದು ಪೇಪರಿನಲ್ಲಿ ಬರುವುದು ಇದೇ. ಬಯಲಲ್ಲಿ ಸಿಕ್ಕಿಬಿದ್ದರೆ ಕಾಲು ಜೋಡಿಸಿ ಕುಕ್ಕರಗಾಲಲ್ಲಿ ಕೂರಿ, ಮಲಗಬೇಡಿ. ಕಾರಿದ್ದರೆ ಗಾಜು ಏರಿಸಿ ಒಳಗಿರಿ.

ಫೋನಿಗೆ ಎಚ್ಚರಿಕೆ ಬರಬೇಕೆಂದರೆ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆಯ "ದಾಮಿನಿ" ಆ್ಯಪ್ ಇದೆ. ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ್ದು "ಸಿಡಿಲು" ಎಂಬ ಆ್ಯಪ್, ಹೆಸರೇ ಚೆನ್ನಾಗಿದೆ.

ಚಂಡಮಾರುತಕ್ಕೆ ಹೆಸರಿಡೋರು ಯಾರು? ನಮ್ಮ ಹೆಸರು ಕೊಡಬಹುದಾ?

ನಮ್ಮ ಸುತ್ತಿನ ಸಮುದ್ರದ್ದಕ್ಕೆ 13 ದೇಶಗಳು ತಲಾ 13 ಹೆಸರು ಕೊಟ್ಟಿವೆ, ಒಟ್ಟು 169. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದಾಗ ದೆಹಲಿಯ ಹವಾಮಾನ ಇಲಾಖೆ ಸಾಲಿನಲ್ಲಿ ಮುಂದಿನ ಹೆಸರನ್ನು ಎತ್ತಿಕೊಡುತ್ತದೆ. ಭಾರತದ ಪಟ್ಟಿಯಲ್ಲಿ ಗತಿ, ತೇಜ್, ನೀರ್, ಜಲಧಿ, ವೇಗ ಇವೆ. 2021ರ ಮೇ ತಿಂಗಳಲ್ಲಿ ಉಳ್ಳಾಲದ ಕಡೆ ಕಡಲು ಉಕ್ಕಿಸಿ ಹೋದದ್ದು ತೌಕ್ತೆ. ಆ ಹೆಸರು ಮ್ಯಾನ್ಮಾರಿನದು, ಅರ್ಥ ಹಲ್ಲಿ. ಲೊಚಗುಟ್ಟಿದ್ದೇ ಅಷ್ಟು ಜೋರು! ವ್ಯಕ್ತಿಯ ಹೆಸರು ಹೊಂದುವುದಿಲ್ಲ, ಆಸೆ ಬಿಡಿ.

ಮೊದಲ ಮಳೆಗೆ ಮಣ್ಣು ಘಮ್ ಅನ್ನೋದು ಯಾಕೆ?

ಮಣ್ಣಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಮಾಡುವ ವಸ್ತು ಅದು, ಜಿಯೋಸ್ಮಿನ್ ಎಂದು ಹೆಸರು. ಹನಿ ಬಿದ್ದಾಗ ಪುಟ್ಟ ಗುಳ್ಳೆಗಳಾಗಿ ಗಾಳಿಗೆ ಹಾರುತ್ತದೆ. ಉತ್ತರ ಪ್ರದೇಶದ ಕನೌಜಿನಲ್ಲಿ ಮಣ್ಣನ್ನು ಬಟ್ಟಿ ಇಳಿಸಿ ಇದೇ ಪರಿಮಳದ ಅತ್ತರು ಮಾಡುತ್ತಾರೆ.

ಒಂದು ಮರ ಬಿದ್ದು ಒಂದು ಪ್ರಾಣಿಯ ವಂಶವೇ ಮುಗಿದುಹೋಯ್ತಂತೆ, ನಿಜವಾ?

ನಿಜ. ಅಂಗಳದ ಮಾವಿನ ಮರದ ಕೊಂಬೆ ದನದ ಕೊಟ್ಟಿಗೆಯ ಮೇಲೆ ಬಿದ್ದ ದಿನ ನಾನೇ ಈ ಕಥೆ ಹೇಳಿದ್ದು, ಆಮೇಲೆ ನಮ್ಮ ಜಗಲಿಯ ಮಾತು ಹವಾಮಾನದಿಂದ ಸತ್ತ ಪ್ರಾಣಿಗಳ ಕಡೆ ತಿರುಗಿತು.

ಸ್ಪೇನ್ ಮತ್ತು ಫ್ರಾನ್ಸ್ ನಡುವಿನ ಪಿರನೀಸ್ ಬೆಟ್ಟಗಳಲ್ಲಿ ಬುಕಾರ್ಡೊ ಎಂಬ ಕಾಡುಮೇಕೆ ಇತ್ತು. ದೊಡ್ಡ ಬಾಗಿದ ಕೊಂಬು, ಚಳಿಗೆ ದಪ್ಪ ಕೂದಲು. ಕೊಂಬಿನ ಆಸೆಗೆ ಬೇಟೆಯಾಡಿ ಆಡಿ ಕೊನೆಗೆ ಉಳಿದದ್ದು ಒಂದೇ ಹೆಣ್ಣು, ಸೀಲಿಯಾ. 1999ರಲ್ಲಿ ಅದನ್ನು ಹಿಡಿದು, ಕಿವಿಯಿಂದ ಚೂರು ಚರ್ಮ ತೆಗೆದು, ದ್ರವ ಸಾರಜನಕದಲ್ಲಿ ಇಟ್ಟು, ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಬಿಟ್ಟರು. 2000ದ ಜನವರಿ 6ರಂದು ಸೀಲಿಯಾ ಮರದ ಕೆಳಗೆ ಸಿಕ್ಕಿ ಸತ್ತಿದ್ದು ಕಂಡಿತು. ಒಂದು ಮರ, ಒಂದು ಮೇಕೆ, ಅಲ್ಲಿಗೆ ಬುಕಾರ್ಡೊ ಇಲ್ಲ.

ಆದರೆ ಕಿವಿಯ ಚೂರು ಇತ್ತಲ್ಲ. ಅದರ ಜೀವಕೋಶದ ತಿರುಳನ್ನು ಸಾಕುಮೇಕೆಯ ಅಂಡಾಣುವಿನೊಳಗೆ ಇಟ್ಟು ಬಾಡಿಗೆ ತಾಯಂದಿರ ಹೊಟ್ಟೆಯಲ್ಲಿ ಬೆಳೆಸಲು ನೋಡಿದರು. ಕ್ಲೋನಿಂಗ್ ಎನ್ನುವುದು ಇದನ್ನೇ, ಡಾಲಿ ಎಂಬ ಹೆಸರಾದ ಕುರಿ ಹುಟ್ಟಿದ್ದೂ ಇದೇ ದಾರಿಯಲ್ಲಿ. ಹತ್ತಾರು ಮೇಕೆಗಳ ಮೇಲಿನ ಪ್ರಯತ್ನದಲ್ಲಿ ಒಂದೇ ಒಂದು ದಿನ ತುಂಬಿತು. 2003ರ ಜುಲೈ 30ರಂದು ಸಿಸೇರಿಯನ್ ಮಾಡಿ ಮರಿಯನ್ನು ಹೊರತೆಗೆದರು. ಅದಕ್ಕೆ ಉಸಿರು ಎಳೆಯಲು ಆಗಲಿಲ್ಲ. ಶ್ವಾಸಕೋಶದಲ್ಲಿ ಬೇಡದ ಒಂದು ಗಟ್ಟಿ ಗಡ್ಡೆ ಬೆಳೆದು ಜಾಗ ತುಂಬಿಕೊಂಡಿತ್ತು. ಕೆಲವೇ ನಿಮಿಷದಲ್ಲಿ ಸತ್ತಿತು. ಹಾಗಾಗಿ ಎರಡು ಸಲ ಇಲ್ಲವಾದ ಪ್ರಾಣಿ ಎಂದರೆ ಬುಕಾರ್ಡೊ ಒಂದೇ.

ಆ ಮರಿ ಬದುಕಿದ್ದರೂ ಏನು? ಅದು ಹೆಣ್ಣು. ಸೀಲಿಯಾ ಕಿವಿಯಿಂದ ಎಷ್ಟು ಮರಿ ಮಾಡಿದರೂ ಎಲ್ಲ ಸೀಲಿಯಾಗಳೇ. ಗಂಡು ಎಲ್ಲಿಂದ ತರುವುದು?

ಬಿರುಗಾಳಿ ಬಂದು ಅಳಿಸಿದ ಪ್ರಾಣಿಗಳೂ ಇವೆಯಾ?

ಗಾಳಿ ಒಂದೇ ಬಂದು ಕೊಲ್ಲುವುದು ಕಡಿಮೆ. ಮನುಷ್ಯರು, ಇಲಿಗಳು, ರೋಗ ಎಲ್ಲ ಸೇರಿ ಹತ್ತಿಪ್ಪತ್ತಕ್ಕೆ ಇಳಿಸಿದ ಮೇಲೆ ಗಾಳಿ ಬಂದು ದೀಪ ಆರಿಸುತ್ತದೆ. ಸಾವಿರ ಹಕ್ಕಿ ಇದ್ದರೆ ಒಂದು ಚಂಡಮಾರುತವನ್ನು ತಡೆದುಕೊಳ್ಳಬಹುದು, ಎರಡೇ ಇದ್ದರೆ ಆಗುವುದಿಲ್ಲ.

ಹವಾಯಿಯ ಕವಾಯಿ ದ್ವೀಪದಲ್ಲಿ "ಓ ಓ" ಎಂಬ ಕಪ್ಪು ಹಕ್ಕಿ ಇತ್ತು, ತೊಡೆಯ ಮೇಲೆ ಹಳದಿ ಗರಿ. ಗಂಡು ಹೆಣ್ಣು ಸೇರಿ ಹಾಡುವ ಹಕ್ಕಿ. 1980ರ ಹೊತ್ತಿಗೆ ಕೈಬೆರಳೆಣಿಕೆ. 1982ರ ನವೆಂಬರಿನಲ್ಲಿ ಇವಾ ಚಂಡಮಾರುತ ಬಂದುಹೋದ ಮೇಲೆ ಕೊನೆಯ ಜೋಡಿಯ ಹೆಣ್ಣು ಕಾಣಲಿಲ್ಲ. ಗಂಡು ಹಾಡುತ್ತಲೇ ಇತ್ತು. ಅದರ ದನಿಯ ರೆಕಾರ್ಡಿಂಗ್ ಇದೆ. ಒಂದು ಸಾಲು ಹಾಡಿ, ನಿಲ್ಲಿಸಿ, ಉತ್ತರಕ್ಕೆ ಜಾಗ ಬಿಟ್ಟು, ಮತ್ತೆ ಹಾಡುತ್ತದೆ. ಕೊನೆಯದಾಗಿ ಕೇಳಿದ್ದು 1987ರಲ್ಲಿ. 1992ರಲ್ಲಿ ಇನಿಕಿ ಎಂಬ ಇನ್ನೂ ದೊಡ್ಡ ಚಂಡಮಾರುತ ಬಂತು. ಅಮೆರಿಕ ಸರ್ಕಾರ 2023ರಲ್ಲಿ ಇನ್ನು ಇಲ್ಲ ಎಂದು ಆ ಹಕ್ಕಿಯ ಹೆಸರನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಿಂದ ತೆಗೆಯಿತು. ಕರೆಂಟ್ ಹೋದ ರಾತ್ರಿ ಈ ರೆಕಾರ್ಡಿಂಗ್ ಹಾಕಬೇಡಿ. ನಾನು ಒಂದು ಸಲ ಹಾಕಿ ಅಣ್ಣನ ಮಗಳನ್ನು ಅಳಿಸಿದ್ದೇನೆ.

ಡೋಡೋ ಕಥೆಯಲ್ಲೂ ಗಾಳಿ ಇದೆ. 1598ರಲ್ಲಿ ಹಾಲೆಂಡಿನಿಂದ ಹೊರಟ ಹಡಗುಗಳ ಗುಂಪು ಆಫ್ರಿಕದ ತುದಿ ದಾಟಿದ ಮೇಲೆ ಕೆಟ್ಟ ಹವೆಗೆ ಸಿಕ್ಕಿ ಚದುರಿತು. ಚದುರಿದ ಐದು ಹಡಗುಗಳು ಹೋಗಿ ಮುಟ್ಟಿದ್ದು ಮಾರಿಷಸ್. ಅಲ್ಲಿ ಹಾರಲು ಬಾರದ, ಮನುಷ್ಯರನ್ನು ಕಂಡರೆ ಓಡಲೂ ತಿಳಿಯದ ದೊಡ್ಡ ಹಕ್ಕಿ. ಎಲ್ಲರೂ ಒಪ್ಪುವ ಕೊನೆಯ ನೋಟ 1662ರದು. ಮುಗಿಸಿದ್ದು ಗಾಳಿಯಲ್ಲ, ಹಡಗಿನಿಂದ ಇಳಿದ ಇಲಿ, ಹಂದಿ, ಕೋತಿಗಳು. ಗಾಳಿ ದಾರಿ ತೋರಿಸಿತು ಅಷ್ಟೇ.

ಡೈನೋಸಾರ್ ಯಾವಾಗ ಬರುತ್ತೆ?

ಬರುವುದಿಲ್ಲ. ಡಿಎನ್‌ಎ ಎಂಬುದು ಹಪ್ಪಳದ ಹಾಗೆ, ಎಷ್ಟು ಒಣಗಿಸಿ ಇಟ್ಟರೂ ಒಂದು ದಿನ ಪುಡಿ. ನ್ಯೂಜಿಲೆಂಡಿನ ಮೋವಾ ಹಕ್ಕಿಯ ಮೂಳೆಗಳನ್ನು ನೋಡಿ 2012ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಸುಮಾರು 521 ವರ್ಷಕ್ಕೆ ಅದರ ಅರ್ಧ ಕೊಂಡಿಗಳು ಮುರಿಯುತ್ತವೆ. ಸೊನ್ನೆಗಿಂತ ಐದು ಡಿಗ್ರಿ ಕೆಳಗೆ ಇಟ್ಟರೂ 68 ಲಕ್ಷ ವರ್ಷದಲ್ಲಿ ಎಲ್ಲ ಮುಗಿಯುತ್ತದೆ. ಡೈನೋಸಾರ್ ಹೋಗಿ 6.6 ಕೋಟಿ ವರ್ಷ ಆಯಿತು. ಜುರಾಸಿಕ್ ಪಾರ್ಕ್ ಸಿನಿಮಾದಲ್ಲಿ ತೋರಿಸಿದ ಹಾಗೆ ಮರದ ಅಂಟಿನಲ್ಲಿ ಸಿಕ್ಕ ಸೊಳ್ಳೆಯ ಹೊಟ್ಟೆಯಲ್ಲೂ ಏನೂ ಉಳಿದಿಲ್ಲ.

ಬೇಕೇ ಬೇಕೆಂದರೆ ಕೊಟ್ಟಿಗೆ ಹಿಂದೆ ಕೆದಕುತ್ತಿರುವ ಕೋಳಿಯನ್ನು ನೋಡಿ. ಹಕ್ಕಿಗಳೆಲ್ಲ ಡೈನೋಸಾರಿನ ವಂಶದವೇ.

ದೈತ್ಯ ತೋಳವನ್ನ ಮತ್ತೆ ಹುಟ್ಟಿಸಿದ್ದಾರೆ ಅಂತ ವಾಟ್ಸ್ಯಾಪ್‌ನಲ್ಲಿ ಬಂದಿತ್ತಲ್ಲ? (ಭಟ್ಟರು)

ಮರಿಗಳು ಹುಟ್ಟಿದ್ದು ನಿಜ, ಹೆಸರು ಸ್ವಲ್ಪ ಜಾಸ್ತಿ ಆಯಿತು. 2025ರ ಏಪ್ರಿಲಿನಲ್ಲಿ ಅಮೆರಿಕದ ಕೊಲಾಸಲ್ ಕಂಪನಿ ಮೂರು ಬಿಳಿ ಮರಿಗಳನ್ನು ತೋರಿಸಿತು: ರೋಮ್ಯುಲಸ್, ರೀಮಸ್, ಖಲೀಸಿ. ಹತ್ತು ಸಾವಿರ ವರ್ಷಗಳ ಹಿಂದೆ ಇಲ್ಲವಾದ ಡೈರ್ ವುಲ್ಫ್ ಎಂದರು. ಅವರು ಮಾಡಿದ್ದು ಇಷ್ಟು. ಒಂದು ಹಳೆಯ ಹಲ್ಲು, ಒಂದು ತಲೆಬುರುಡೆಯಿಂದ ಆ ತೋಳದ ಡಿಎನ್‌ಎ ಓದಿದರು. ಈಗಿರುವ ಬೂದು ತೋಳದ ಜೀವಕೋಶದಲ್ಲಿ 14 ಜೀನ್‌ಗಳಲ್ಲಿ 20 ತಿದ್ದುಪಡಿ ಮಾಡಿದರು. ಹೆತ್ತದ್ದು ನಾಯಿಗಳು.

ನಮ್ಮ ಹಳೆಯ ಅಂಬಾಸಿಡರ್ ಕಾರಿಗೆ ಹೊಸ ಬಂಪರು, ಬಿಳಿ ಪೇಂಟು, ದೊಡ್ಡ ಚಕ್ರ ಹಾಕಿ ಬೇರೆ ಕಂಪನಿಯ ಹೆಸರು ಬರೆದರೆ ಏನನ್ನಬೇಕು? ನೋಡಲು ಚೆಂದ, ಕೆಲಸವೂ ಸಣ್ಣದಲ್ಲ. ಆದರೆ ಒಳಗೆ ಬೂದು ತೋಳವೇ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ ತೋಳ ತಜ್ಞರೂ ಇದನ್ನು ಡೈರ್ ವುಲ್ಫ್ ಎಂದು ಒಪ್ಪಲಿಲ್ಲ.

ಮ್ಯಾಮತ್?

ಹಿಮಯುಗದ ಉಣ್ಣೆ ಕೂದಲಿನ ಆನೆ ಅದು. ಅದೇ ಕಂಪನಿ 2028ರ ಹೊತ್ತಿಗೆ ಎನ್ನುತ್ತಿದೆ. 2025ರಲ್ಲಿ ಉಣ್ಣೆ ಕೂದಲಿನ ಇಲಿ ಮಾಡಿ ತೋರಿಸಿದ್ದಾರೆ, ಮುದ್ದಾಗಿದೆ. ಇಲಿಯಿಂದ ಆನೆಗೆ ದಾರಿ ದೂರ.

ಮ್ಯಾಮತ್‌ಗೆ ಈಗ ಬದುಕಿರುವವರಲ್ಲಿ ಹತ್ತಿರದ ನೆಂಟ ನಮ್ಮ ಏಷ್ಯಾದ ಆನೆ, ಆಫ್ರಿಕದ ಆನೆ ಅಲ್ಲ. ಆನೆಯ ಬಸಿರು 22 ತಿಂಗಳು. ದೇಶದಲ್ಲಿ ಅತಿ ಹೆಚ್ಚು ಆನೆ ಇರುವುದು ಕರ್ನಾಟಕದಲ್ಲೇ, ಆರು ಸಾವಿರಕ್ಕೂ ಹೆಚ್ಚು. ಹಾಸನದ ಸಕಲೇಶಪುರ, ಆಲೂರು ಕಡೆಯವರನ್ನೋ ಕೊಡಗಿನ ಕಾಫಿ ತೋಟದವರನ್ನೋ ಕೇಳಿ, ಇರುವ ಆನೆಗೇ ನಡೆಯಲು ದಾರಿ ಉಳಿದಿಲ್ಲ. ನನಗಂತೂ ಉಣ್ಣೆ ಹೊದ್ದ ಹೊಸ ಆನೆಯ ಸುದ್ದಿ ಕೇಳಿದಾಗೆಲ್ಲ, ಕರೆಂಟ್ ಬೇಲಿ ತಾಗಿ ಸಾಯುವ ಉಣ್ಣೆ ಇಲ್ಲದ ಆನೆ ನೆನಪಾಗುತ್ತದೆ.

ಡೋಡೋ ಆದರೂ ಬರುತ್ತಾ?

ಅದರ ನೆಂಟ ಭಾರತದಲ್ಲೇ ಇದ್ದಾನೆ, ಅದು ಗೊತ್ತಾ? ನಿಕೋಬಾರ್ ಪಾರಿವಾಳ. ಕೊರಳ ಸುತ್ತ ಉದ್ದುದ್ದ ಗರಿ, ಬಿಸಿಲಿಗೆ ಹಸಿರು ತಾಮ್ರದ ಬಣ್ಣ. ಅದನ್ನು ತಿದ್ದಿ ಡೋಡೋ ಮಾಡುವ ಯೋಜನೆ ಇದೆ. ಹಕ್ಕಿಯನ್ನು ಮೇಕೆಯಂತೆ ಕ್ಲೋನ್ ಮಾಡಲು ಆಗುವುದಿಲ್ಲ, ಮೊಟ್ಟೆಯೊಳಗೆ ಕೈಹಾಕುವುದು ಕಷ್ಟ. ಹಾಗಾಗಿ ಮೊಟ್ಟೆ, ವೀರ್ಯ ಆಗಬೇಕಾದ ಮೂಲ ಜೀವಕೋಶಗಳನ್ನೇ ತಿದ್ದಿ ಬೇರೆ ಹಕ್ಕಿಯೊಳಗೆ ಬೆಳೆಸಬೇಕು. ಹುಟ್ಟಿದ ಡೋಡೋಗೆ ಡೋಡೋ ಹಾಗೆ ಇರುವುದನ್ನು ಕಲಿಸುವವರು ಯಾರು, ಅದು ಅಣ್ಣನ ಮಗಳ ಪ್ರಶ್ನೆ. ಒಳ್ಳೆ ಪ್ರಶ್ನೆ.

ಈ ಕ್ಲೋನಿಂಗ್‌ನಿಂದ ಏನಾದರೂ ಉಪಯೋಗ ಆಗಿದೆಯಾ, ಸುಮ್ನೆ ದುಡ್ಡು ದಂಡವಾ?

ಆಗಿದೆ, ಪೂರ್ತಿ ಇಲ್ಲವಾಗದ ಪ್ರಾಣಿಗಳಲ್ಲಿ. ಅಮೆರಿಕದಲ್ಲಿ ಕಪ್ಪು ಕಾಲಿನ ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿ ಇದೆ. ಮುಗಿದೇಹೋಯಿತು ಎಂದುಕೊಂಡಿದ್ದರು. 1981ರಲ್ಲಿ ವ್ಯೋಮಿಂಗ್ ರಾಜ್ಯದ ಒಂದು ರೈತರ ಮನೆ ನಾಯಿ ಸತ್ತ ಫೆರೆಟ್ ಒಂದನ್ನು ಕಚ್ಚಿಕೊಂಡು ಬಂತು! ಹುಡುಕಿದರೆ ಇನ್ನೂ ಸ್ವಲ್ಪ ಸಿಕ್ಕವು. ಈಗಿರುವ ಎಲ್ಲವೂ ಏಳೇ ಏಳು ಪ್ರಾಣಿಗಳ ಸಂತತಿ, ಹಾಗಾಗಿ ಎಲ್ಲ ಒಂದೇ ಮನೆಯವರಂತೆ. 1988ರಲ್ಲಿ ಫ್ರೀಜ್ ಮಾಡಿಟ್ಟಿದ್ದ ಬೇರೊಂದು ಹೆಣ್ಣಿನ ಜೀವಕೋಶದಿಂದ 2020ರಲ್ಲಿ ಎಲಿಜಬೆತ್ ಆನ್ ಎಂಬ ಕ್ಲೋನ್ ಹುಟ್ಟಿತು. ಅದೇ ಬಗೆಯ ಇನ್ನೊಂದು ಕ್ಲೋನ್ ಅಂಟೋನಿಯಾ 2024ರಲ್ಲಿ ಮರಿ ಹಾಕಿತು. ಮನೆಗೆ ಹೊಸ ರಕ್ತ ಬಂತು. ನನ್ನ ಮಟ್ಟಿಗೆ ಕ್ಲೋನಿಂಗ್‌ನ ಒಳ್ಳೆ ಕೆಲಸ ಇದು. ಟಿವಿಯಲ್ಲಿ ಬರುವುದು ತೋಳ.

ನಮ್ಮ ದೇಶದಲ್ಲಿ ಚೀತಾ ತಂದರಲ್ಲ, ಅದೂ ಇದೇ ಬಗೆಯದಾ?

ಅಲ್ಲ. ಅದು ಹುಟ್ಟಿಸಿದ್ದಲ್ಲ, ತಂದದ್ದು. ಆದರೆ ಮಳೆ, ಪ್ರಾಣಿ ಎರಡೂ ಒಂದೇ ಕಥೆಯಲ್ಲಿ ಕೂಡುವುದು ಇಲ್ಲಿ, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

ಚೀತಾ ಎಂದರೆ ಚಿರತೆ ಅಲ್ಲ. ಕನ್ನಡದಲ್ಲಿ ಇದಕ್ಕೆ ಸಿವಂಗಿ ಎಂಬ ಹೆಸರೇ ಇದೆ. ಹೆಸರಿದೆ ಎಂದರೆ ಪ್ರಾಣಿಯೂ ಇಲ್ಲಿತ್ತು ಎಂದಾಯಿತು, ಅಲ್ವಾ? ಜಿಂಕೆ ಬೇಟೆಗೆ ರಾಜರು ಪಳಗಿಸುತ್ತಿದ್ದರು, ಟಿಪ್ಪುವಿನ ಬಳಿಯೂ ಇದ್ದವು. 1947ರಲ್ಲಿ ಈಗಿನ ಛತ್ತೀಸ್‌ಗಢದ ಕೊರಿಯಾ ಸಂಸ್ಥಾನದ ಮಹಾರಾಜ ಒಂದೇ ರಾತ್ರಿ ಮೂರು ಚೀತಾಗಳನ್ನು ಹೊಡೆದರು. ದೇಶದ ಕೊನೆಯವು ಎಂದು ಲೆಕ್ಕಕ್ಕೆ ಸಿಕ್ಕಿದ್ದು ಅವೇ. 1952ರಲ್ಲಿ ಸರ್ಕಾರ ಇನ್ನು ಇಲ್ಲ ಎಂದು ಹೇಳಿತು.

ಎಪ್ಪತ್ತು ವರ್ಷದ ಮೇಲೆ, 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು ಚೀತಾಗಳು ಮಧ್ಯಪ್ರದೇಶದ ಕುನೋ ಕಾಡಿಗೆ ಬಂದವು. 2023ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕದಿಂದ ಹನ್ನೆರಡು. ಇವು ಆಫ್ರಿಕದ ಬಗೆಯವು. ಏಷ್ಯಾದ ಚೀತಾ ಈಗ ಉಳಿದಿರುವುದು ಇರಾನಿನಲ್ಲಿ, ಅದೂ ಬೆರಳೆಣಿಕೆ.

ಮೊದಲ ಬೇಸಿಗೆಯಲ್ಲಿ ಹುಟ್ಟಿದ ನಾಲ್ಕು ಮರಿಗಳಲ್ಲಿ ಮೂರು ಮೇ ತಿಂಗಳ ಬಿಸಿಲಿಗೆ ಸತ್ತವು. ಆಗ ಅಲ್ಲಿ 46 ಡಿಗ್ರಿ ದಾಟಿತ್ತು. ಆಮೇಲೆ ಮಳೆಗಾಲ ಬಂತು. ಇಲ್ಲಿ ಯಾರೂ ಎಣಿಸದ ಒಂದು ಸಂಗತಿ ಆಯಿತು. ಭೂಮಿಯ ದಕ್ಷಿಣಾರ್ಧದಲ್ಲಿ ಜೂನ್, ಜುಲೈ, ಆಗಸ್ಟ್ ಎಂದರೆ ಚಳಿಗಾಲ. ಚೀತಾಗಳ ಮೈಯೊಳಗಿನ ಪಂಚಾಂಗ ಇನ್ನೂ ಅಲ್ಲಿಯದೇ. ಜೂನ್ ಬಂತು, ಚಳಿ ಬರುತ್ತದೆ ಎಂದು ಮೈ ತಾನಾಗಿ ದಪ್ಪ ಕೂದಲು ಬೆಳೆಸಿತು. ಕುನೋದಲ್ಲಿ ಬಂದದ್ದು ಚಳಿ ಅಲ್ಲ, ಮುಂಗಾರು. ಸೆಕೆಯಲ್ಲಿ ಕಂಬಳಿ ಹೊದ್ದು ಮಳೆಯಲ್ಲಿ ನಿಂತ ಹಾಗೆ. ಕೊರಳಲ್ಲಿ ರೇಡಿಯೋ ಪಟ್ಟಿ, ಅದರ ಕೆಳಗಿನ ಕೂದಲು ಒಣಗುವುದೇ ಇಲ್ಲ. ತುರಿಕೆ, ಕೆರೆತ, ಗಾಯ. ಗಾಯಕ್ಕೆ ನೊಣ ಕೂತು ಹುಳ. ಮಳೆಗಾಲದಲ್ಲಿ ದನದ ಹೆಗಲ ಮೇಲಿನ ಗಾಯ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಂಜೇರಿ ಮೂರು ಚೀತಾ ಸತ್ತವು. ಉಳಿದವನ್ನು ಹಿಡಿದು, ಪಟ್ಟಿ ಬಿಚ್ಚಿ, ಔಷಧ ಹಚ್ಚಿ ಬೇಲಿಯೊಳಗೆ ಇಟ್ಟುಕೊಂಡರು.

ಪ್ರಾಣಿಯನ್ನು ವಿಮಾನದಲ್ಲಿ ತರಬಹುದು, ಅದರ ಋತುಗಳು ಆ ವಿಮಾನ ಹತ್ತುವುದಿಲ್ಲ. ಮ್ಯಾಮತ್, ಡೋಡೋ ಎಂದು ಯಾರಾದರೂ ಹೇಳಿದಾಗ ನಾನು ಕೇಳುವುದೂ ಇದನ್ನೇ: ಯಾವ ಚಳಿಗೆ, ಯಾವ ಮಳೆಗೆ ತರುತ್ತಿದ್ದೀರಿ?

ಆ ನಾಲ್ಕು ಮರಿಗಳಲ್ಲಿ ಒಂದು ಉಳಿಯಿತಲ್ಲ, ಅದರ ಹೆಸರು ಮುಖಿ. ಕೈಯಲ್ಲಿ ಸಾಕಿದ್ದು. ಈ ನೆಲದಲ್ಲೇ ಹುಟ್ಟಿ ಇಲ್ಲಿಯ ಮಳೆಗಾಲಗಳನ್ನು ಕಂಡ ಚೀತಾ. 2025ರ ನವೆಂಬರಿನಲ್ಲಿ ಅದು ಐದು ಮರಿ ಹಾಕಿತು.

ಟಾಸ್ಮೇನಿಯಾದ ಹುಲಿ ಅಂತಾರಲ್ಲ, ಅದು ಹುಲಿನಾ?

ಅಲ್ಲ, ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿದ್ದ, ಕಾಂಗರೂ ಹಾಗೆ ಚೀಲ ಇರುವ ಪ್ರಾಣಿ. ಮುಖ ನಾಯಿಯದು, ಬೆನ್ನಿನ ಮೇಲೆ ಪಟ್ಟೆ. ಕೊನೆಯದು 1936ರ ಸೆಪ್ಟೆಂಬರ್ 7ರಂದು ಹೋಬರ್ಟ್ ನಗರದ ಮೃಗಾಲಯದಲ್ಲಿ ಸತ್ತಿತು. ಅದಕ್ಕೆ ರಕ್ಷಣೆ ಕೊಡುವ ಕಾನೂನು ಬಂದು 59 ದಿನ ಆಗಿತ್ತು. ಅದನ್ನೂ ಮತ್ತೆ ತರಲು ಹೊರಟಿದ್ದಾರೆ.

ಸತ್ತೇ ಹೋಯ್ತು ಅಂದುಕೊಂಡದ್ದು ತಾನಾಗಿ ವಾಪಸ್ ಬಂದದ್ದು ನಮ್ಮ ಕಡೆ ಇಲ್ವಾ?

ಪಶ್ಚಿಮ ಘಟ್ಟದಲ್ಲಿ ಇದೆ, ಮಳೆಯ ಜೊತೆಗೇ ಬಂದದ್ದು. 1874ರಲ್ಲಿ ಕಂಡ ಒಂದು ಹಸಿರು ಕಪ್ಪೆ ಆಮೇಲೆ ಯಾರಿಗೂ ಕಾಣಲಿಲ್ಲ. ಕಳೆದುಹೋದ ಕಪ್ಪೆಗಳನ್ನು ಹುಡುಕುವ ಅಭಿಯಾನದಲ್ಲಿ ಘಟ್ಟದ ದಕ್ಷಿಣ ತುದಿಯ ಕಾಡಿನಲ್ಲಿ ಅದು ಮತ್ತೆ ಸಿಕ್ಕಿತು. 2011ರಲ್ಲಿ ಸುದ್ದಿ ಹೊರಬಂತು, 136 ವರ್ಷದ ಅಂತರ. ಆಮೇಲೆ ತಿಳಿದದ್ದು ಇನ್ನೂ ಚೆಂದ. ಅದು ಮೊಟ್ಟೆ ಇಡುವುದು ಬಿದಿರಿನ ಗೆಣ್ಣುಗಳ ನಡುವಿನ ಟೊಳ್ಳಿನಲ್ಲಿ. ಬಿದಿರಿನಲ್ಲಿ ಬುಡದ ಹತ್ತಿರ ಸಣ್ಣ ತೂತಿರಬೇಕು. ಕಪ್ಪೆ ಅದರಲ್ಲಿ ನುಸುಳಿ ಒಳಗೆ ಹೋಗುತ್ತದೆ. ಅಪ್ಪ ಕಪ್ಪೆ ಒಳಗೇ ಕೂತು ಮೊಟ್ಟೆ ಕಾಯುತ್ತದೆ. ಅಷ್ಟು ಒಳಗೆ ಕೂತವನು ಕಾಣುವುದಾದರೂ ಹೇಗೆ?

ಇದಕ್ಕೆ ಲ್ಯಾಬೂ ಬೇಕಾಗಲಿಲ್ಲ, ನಾಯಿ ಹೆತ್ತದ್ದೂ ಇಲ್ಲ. ಬಿದಿರು ಕಡಿಯದೆ ಬಿಟ್ಟಿದ್ದರು, ಮಳೆ ಬರುತ್ತಿತ್ತು, ಅದು ಇತ್ತು.

ಈಗ ಹೊರಗೆ ಕೂಗ್ತಿರೋದು ಯಾವ ಕಪ್ಪೆ?

ಮಳೆ ನಿಂತ ಅರ್ಧ ಗಂಟೆಗೆ ತೋಟದ ಕಡೆಯಿಂದ "ಟಕ್ ಟಕ್ ಟಕ್" ಎಂದು ಮರದ ಮೇಲಿಂದ ಬರುವುದು ಬೇರೆ, ಕೆರೆ ಕಡೆಯಿಂದ "ವಟರ್ ವಟರ್" ಎನ್ನುವುದು ಬೇರೆ. ಟಾರ್ಚ್ ತೆಗೆದುಕೊಂಡು ಹೋಗಿ ನೋಡೋಣ ಎಂದರೆ ಅಣ್ಣನ ಮಗಳು ಚಪ್ಪಲಿ ಹಾಕಿಕೊಂಡು ತಯಾರು. ಗುಡುಗು ನಿಂತು ಅರ್ಧ ಗಂಟೆ ಆಗಿರಬೇಕು, ಗಂಬೂಟು ಹಾಕಿರಬೇಕು, ಹಾವಿನ ಕಡೆ ಕಣ್ಣಿರಬೇಕು.

ಕರೆಂಟ್ ಯಾವಾಗ ಬರುತ್ತೆ?

ಲೈನ್‌ಮನ್‌ಗೆ ಫೋನ್ ಮಾಡಿದೆ. "ಅಕ್ಕ, ಮೂರು ಕಂಬ ಮಲಗಿದಾವೆ, ನಾಳೆ ನೋಡಣ" ಎಂದರು. ಹಪ್ಪಳ ಕೆಂಡದ ಮೇಲೆ ಸುಡುತ್ತಿದ್ದಾರೆ ಅಮ್ಮ, ಅರ್ಧ ಒಣಗಿದ್ದನ್ನೇ.